ಟಾರ್ಪಾಲು ತೆಗೆದ ಹೊತ್ತು

ಹೋದ ತಿಂಗಳು ಇಬ್ಬರು ಹುಡುಗಿಯರು ವಿಳಾಸ ಹುಡುಕಿಕೊಂಡು ಬಂಗಾರಪೇಟೆಯ ನಮ್ಮ ಮನೆಗೆ ಬಂದಿದ್ದರು. ಚಿಟ್ಟೆಗಳ ಮೇಲೆ ಸಂಶೋಧನೆ ಮಾಡಲು ಹೊಸದಾಗಿ ಸೇರಿದವರು. ಕಾಫಿ ಲೋಟ ಕೆಳಗಿಡುವ ಮೊದಲೇ ಒಬ್ಬಳು ಕೇಳಿದಳು, “ನೀವು ಎಷ್ಟು ಹೊಸ ಜಾತಿ ಕಂಡುಹಿಡಿದಿದ್ದೀರಿ ಮೇಡಂ?” ಒಂದೂ ಇಲ್ಲ ಎಂದೆ. ಪಾಪ, ಇಬ್ಬರ ಮುಖವೂ ಸಪ್ಪಗಾಯಿತು. ಒಂದು ಸಿಕ್ಕಿತ್ತೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ ಎನ್ನುವುದು ಸರಿಯಾದ ಉತ್ತರವಾಗಿತ್ತು. ಅದನ್ನು ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ನಿಮಗೆ ಆಗಬೇಕಾದ್ದೇನೂ ಇಲ್ಲ.

ನಾನು ಕೆಲಸಕ್ಕೆ ಸೇರಿದಾಗ ಚಿಟ್ಟೆ ಎಂದರೆ ಸತ್ತ ಚಿಟ್ಟೆ. ಬಲೆಯಲ್ಲಿ ಹಿಡಿಯುವುದು, ಸೀಸೆಗೆ ಹಾಕಿ ಸಾಯಿಸುವುದು, ಸೂಜಿ ಚುಚ್ಚಿ ರೆಕ್ಕೆ ಬಿಡಿಸುವುದು, ನುಸಿಗುಳಿಗೆ ಹಾಕಿದ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುವುದು. ಸಂಜೆ ಮನೆಗೆ ಹೋದರೆ ನನ್ನ ಸೀರೆಯೆಲ್ಲ ನುಸಿಗುಳಿಗೆಯ ವಾಸನೆ. ರೆಕ್ಕೆಯ ಮೇಲಿನ ಚುಕ್ಕೆ ಎಣಿಸಿ ಇದು ಈ ಜಾತಿ, ಅದು ಆ ಜಾತಿ ಎಂದು ಹೇಳುತ್ತಿದ್ದೆವು. ಒಮ್ಮೆ ಕಂದು ಬಣ್ಣದ ಚಿಟ್ಟೆಗಳನ್ನು ಎರಡು ಪೆಟ್ಟಿಗೆಗಳಲ್ಲಿ ಬೇರೆ ಬೇರೆಯಾಗಿ ಜೋಡಿಸಿದೆ. ಒಂದರ ರೆಕ್ಕೆಯಡಿ ಕಣ್ಣಿನಂಥ ದೊಡ್ಡ ಚುಕ್ಕೆಗಳಿದ್ದವು, ಇನ್ನೊಂದು ಒಣಗಿದ ಎಲೆಯ ಹಾಗೆ ಬೋಳಾಗಿತ್ತು. ನಮ್ಮ ಪ್ರೊಫೆಸರು ಬಂದು ನೋಡಿ ನಕ್ಕರು. “ಒಂದೇ ತಾಯಿ ಮಕ್ಕಳನ್ನ ಬೇರೆ ಬೇರೆ ಮನೆಗೆ ಹಾಕಿದ್ದೀಯಲ್ಲಮ್ಮ. ಇದು ಮಳೆಗಾಲದಲ್ಲಿ ಹುಟ್ಟಿದ್ದು, ಇದು ಬೇಸಿಗೆಯಲ್ಲಿ ಹುಟ್ಟಿದ್ದು” ಎಂದರು. ಬೇರೆ ಕಂಡದ್ದೆಲ್ಲ ಬೇರೆಯಲ್ಲ, ಒಂದೇ ಥರ ಕಂಡದ್ದೆಲ್ಲ ಒಂದೂ ಅಲ್ಲ ಎಂದು ನನಗೆ ತಲೆಗೆ ಹೋದದ್ದು ಆವತ್ತು.

ಜೀವಂತ ಚಿಟ್ಟೆ ಸಾಕುವ ಪದ್ಧತಿ ನಮ್ಮಲ್ಲಿಗೆ ಬಂದದ್ದೂ ಅವರಿಂದಲೇ. “ಸತ್ತ ಚಿಟ್ಟೆ ಯಾರನ್ನ ಕೂಡ್ತಿತ್ತು, ಯಾರನ್ನ ಬೇಡ ಅಂತಿತ್ತು ಅಂತ ಸೂಜಿ ಚುಚ್ಚಿಸ್ಕೊಂಡು ಹೇಳುತ್ತಾ?” ಎಂದು ಕೇಳುತ್ತಿದ್ದರು. ಕೋಪಿಷ್ಠ ಮನುಷ್ಯ, ಆದರೆ ಮಾತು ಸರಿ. ಒಂದು ಜಾತಿ ಎರಡಾಗುವುದು ಎಂದರೆ ಒಂದು ಮನೆ ಎರಡಾದಂತೆ, ಒಂದೇ ದಿನ ಗೋಡೆ ಎದ್ದುಬಿಡುವುದಿಲ್ಲ. ಒಂದು ಗುಂಪು ದೂರವಾಗುತ್ತದೆ. ಬೇರೆ ಗಿಡದ ಮೇಲೆ ಮೊಟ್ಟೆ ಇಡಲು ಶುರುಮಾಡುತ್ತದೆ. ಗಂಡಿನ ಮೈವಾಸನೆಯೋ ರೆಕ್ಕೆಯ ಹೊಳಪೋ ಸ್ವಲ್ಪ ಬದಲಾಗಿ ಆ ಕಡೆಯ ಹೆಣ್ಣಿಗೆ ಹಿಡಿಸದೆ ಹೋಗುತ್ತದೆ. ಇಲ್ಲವೇ ಕೂಡುವ ಹೊತ್ತೇ ಬೇರೆಯಾಗುತ್ತದೆ. ಬೆಳಿಗ್ಗೆ ಕೂಡುವ ಚಿಟ್ಟೆಯೂ ಮಧ್ಯಾಹ್ನ ಕೂಡುವ ಚಿಟ್ಟೆಯೂ ಒಂದೇ ಬೇಲಿಯಲ್ಲಿದ್ದರೂ ಒಂದನ್ನೊಂದು ಸಂಧಿಸುವುದಿಲ್ಲ. ಇವೆಲ್ಲ ಹೊರಗಿನ ತಡೆಗಳು. ಬಹಳ ಕಾಲ ಹೀಗೇ ನಡೆದರೆ ಒಳಗೂ ತಡೆ ಬೀಳುತ್ತದೆ. ಆಗ ಎರಡೂ ಕೂಡಿದರೂ ಮರಿ ಆಗುವುದಿಲ್ಲ, ಮರಿ ಆದರೆ ಅದು ಬಂಜೆಯಾಗಿರುತ್ತದೆ. ಚಿಟ್ಟೆಗಳಲ್ಲಿ ಬೆರಕೆಯ ಗಂಡುಮಕ್ಕಳು ಚೆನ್ನಾಗಿದ್ದು ಹೆಣ್ಣುಮಕ್ಕಳು ಮೊದಲು ಬಂಜೆಯಾಗುತ್ತವೆ. ಮನುಷ್ಯರಲ್ಲಿ ಲಿಂಗ ನಿರ್ಧರಿಸುವ ಜೋಡಿ ವರ್ಣತಂತು ಬೇರೆ ಬೇರೆ ಇರುವುದು ಗಂಡಿಗಾದರೆ ಚಿಟ್ಟೆಗಳಲ್ಲಿ ಹೆಣ್ಣಿಗೆ. ಕೆಡುಕು ಮೊದಲು ತಗಲುವುದು ಅಲ್ಲಿಗೇ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದು ತಿಳಿಯುತ್ತದೆ.

ಚಿನ್ನದ ಗಣಿ ಮುಚ್ಚಿ ಕೆಲವು ವರ್ಷಗಳಾದ ಮೇಲೆ, ಗಣಿಯ ಪಕ್ಕದ ಕೋರಮಂಡಲ್‌ನಲ್ಲಿ ನಮ್ಮ ಸಂಸ್ಥೆಯವರು ಒಂದು ಹಳೆಯ ಬಂಗಲೆಯ ಹಿತ್ತಿಲು ಬಾಡಿಗೆಗೆ ಹಿಡಿದರು. ಅಲ್ಲಿ ಬಲೆ ಬಿಗಿದ ಎರಡು ಮನೆ ಕಟ್ಟಿಸಿ ನನ್ನ ವಶಕ್ಕೆ ಕೊಟ್ಟರು. ನಾವು ಸಾಕಿದ ಚಿಟ್ಟೆ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಮೇಲುಗಡೆ ಕಂದು. ರೆಕ್ಕೆ ಮಡಿಸಿದರೆ ಹಿಂದಿನ ಅಂಚಿನಲ್ಲಿ ಕಲ್ಲು ಕೂರಿಸಿದಂತೆ ಹೊಳೆಯುವ ಚುಕ್ಕೆಗಳು. ನಾವು ಅದನ್ನು ಒಡವೆ ಎಂದೇ ಕರೆಯುತ್ತಿದ್ದೆವು. ನೆಲಕ್ಕೆ ಅಂಟಿಕೊಂಡು ಕೆಂಪು ಹೂ ಬಿಡುವ ಒಂದು ಸಣ್ಣ ಗಿಡದ ಮೇಲೆ ಅದು ಹುಟ್ಟಿ, ಅದರ ಸುತ್ತಲೇ ಮೊಣಕಾಲೆತ್ತರಕ್ಕೆ ಹಾರಾಡಿ, ಅಲ್ಲೇ ಸಾಯುತ್ತದೆ. ದೂರ ಹಾರುವ ಚಿಟ್ಟೆಯಾಗಿದ್ದರೆ ನಾವು ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ.

ಒಡವೆಗಳು ಕಾಮಸಮುದ್ರದ ಹೊಲದ ಬದುಗಳಲ್ಲಿದ್ದವು. ಗಣಿಯ ಅದಿರು ಅರೆದು ಚಿನ್ನ ತೆಗೆದ ಮೇಲೆ ಸುರಿದ ಬಿಳಿ ಮಣ್ಣಿನ ಸೈನೈಡ್ ದಿಬ್ಬದ ಒಂದು ಮಗ್ಗುಲಲ್ಲೂ ಇದ್ದವು. ಬೇರೇನೂ ಚಿಗುರದ ಆ ಮಣ್ಣಿನಲ್ಲಿ ಆ ಗಿಡ ಹೇಗೋ ಬದುಕಿತ್ತು. ದಿಬ್ಬದ ಚಿಟ್ಟೆಗಳು ಊರಿನ ಚಿಟ್ಟೆಗಳಿಂದ ಬೇರೆಯಾಗುತ್ತಿವೆಯೇ ಎಂಬುದು ಮಂಜುಳಾಳ ಪ್ರಶ್ನೆ. ಕಾಮಸಮುದ್ರದ ಪಕ್ಕದ ಹಳ್ಳಿಯ ಹಾಲಿನ ಮನೆಯವರ ಮಗಳು, ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಳು. ಪ್ರೊಫೆಸರು ಆ ವೇಳೆಗೆ ನಿವೃತ್ತರಾಗಿ ಮೈಸೂರು ಸೇರಿದ್ದರೂ ಅವಳ ಕೆಲಸ ನೋಡುತ್ತಿದ್ದವರು ಅವರೇ. “ದಿಬ್ಬಕ್ಕೆ ನೂರು ವರ್ಷ ಆಗಿರ್ಬಹುದು. ಜಾತಿ ಹುಟ್ಟೋಕೆ ಅದು ಯಾವ ಮೂಲೆಗೂ ಸಾಲಲ್ಲ” ಎಂದು ಶುರುವಿನಲ್ಲೇ ಹೇಳಿದ್ದರು. ಹೇಳಿಯೂ ಮಾಡಲು ಬಿಟ್ಟರು.

ಬಿಡುವಾಗ ಒಂದು ಕಟ್ಟಪ್ಪಣೆ ಹಾಕಿದರು. ಒಂದು ಮನೆಗೆ ಒಬ್ಬರೇ ಆಳು. ಒಂದರಲ್ಲಿ ಆಡಿದ ಕೈ ಇನ್ನೊಂದಕ್ಕೆ ಹೋಗಕೂಡದು, ಸೆರಗಿಗೆ ಅಂಟಿಕೊಂಡು ಒಂದು ಮೊಟ್ಟೆ ಹೋದರೂ ಕೆಲಸ ಕೆಟ್ಟಿತು ಎಂದು.

ದಿಬ್ಬದ ಚಿಟ್ಟೆಗಳ ಮನೆಗೆ ದೊರೈ ಬಂದ. ಗಣಿಯಲ್ಲಿ ದುಡಿದವನು, ಎರಡು ಬೀದಿ ಆಚೆ ಗಣಿ ಕೆಲಸಗಾರರ ಲೈನ್‌ಮನೆಯಲ್ಲೇ ವಾಸ. ಊರಿನ ಚಿಟ್ಟೆಗಳ ಮನೆಗೆ ಮಂಜುಳಾಳ ಊರಿನ ಮುನೆಮ್ಮ ಬಂದಳು. ಅವಳ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಮೊದಲ ದಿನ ಸುತ್ತ ನೋಡಿ, “ಇಷ್ಟ್ ಉಳ ಸಾಕಿ ಗೂಡು ಮಾರಲ್ವಾ? ಮತ್ತೆ ಯಾತಕ್ಕಮ್ಮ ಇದು?” ಎಂದು ಕೇಳಿದಳು.

“ಮಾರೋದಕ್ಕಲ್ಲ ಮುನೆಮ್ಮ, ನೋಡೋದಕ್ಕೆ” ಎಂದೆ.

“ನೋಡಾದಕ್ಕೆ ಸಂಬಳ ಕೊಡ್ತಾರೆ ಅಂದ್ರೆ ನಂಗೇನಮ್ಮ, ನೋಡ್ತೀನಿ” ಎಂದಳು.

ಪ್ರೊಫೆಸರ ಅಪ್ಪಣೆಯನ್ನು ಇಬ್ಬರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಹುಳು ಸಾಕುವವರು ಇನ್ನೊಬ್ಬರ ಹುಳುವಿನ ಮನೆಗೆ ಕಾಲಿಡುವುದಿಲ್ಲ, ರೋಗ ಅಂಟುತ್ತದೆ ಎಂದು. ಮುನೆಮ್ಮನಿಗೆ ಅದು ಚಿಕ್ಕಂದಿನಿಂದ ಬಂದ ಅಭ್ಯಾಸ. ದೊರೈಗೂ ಅಷ್ಟೆ, ಗಣಿಯಲ್ಲಿ ತನ್ನದಲ್ಲದ ಜಾಗಕ್ಕೆ ಹೋದವನಲ್ಲ. ಇಬ್ಬರೂ ಬಾಗಿಲಾಚೆ ನಿಂತು ಮಾತಾಡುತ್ತಿದ್ದರೇ ಹೊರತು ಒಬ್ಬರ ಮನೆಗೆ ಇನ್ನೊಬ್ಬರು ಇಣುಕುತ್ತಲೂ ಇರಲಿಲ್ಲ. ನಾನು ಅದನ್ನು ನೋಡಿ ಹೆಮ್ಮೆಪಡುತ್ತಿದ್ದೆ.

ಇಲಿ, ಹಲ್ಲಿ, ಚಳಿ ಎಲ್ಲಕ್ಕೂ ಹೆದರಿ ರಾತ್ರಿ ಎರಡು ಮನೆಗಳ ಮೇಲೂ ದಪ್ಪ ಟಾರ್ಪಾಲು ಎಳೆಯುತ್ತಿದ್ದೆವು. ಬೆಳಿಗ್ಗೆ ಆಳು ಬಂದು ತೆಗೆಯಬೇಕು. ದೊರೈ ಬೆಳಕು ಹರಿಯುವ ಹೊತ್ತಿಗೆ ಹಾಜರು. ಗಣಿ ನಿಂತು ಅಷ್ಟು ವರ್ಷವಾದರೂ ಅವನ ಮೈ ಫಸ್ಟ್ ಶಿಫ್ಟ್ ಬಿಟ್ಟಿರಲಿಲ್ಲ. ಇಷ್ಟು ಬೇಗ ಯಾಕೆ ಬರುತ್ತೀಯ ಎಂದರೆ, “ಮನೇಲಿ ಕುಂತ್ರೆ ಕಾಲು ನಿಲ್ಲಲ್ಲಮ್ಮಾ” ಎನ್ನುತ್ತಿದ್ದ. ಮುನೆಮ್ಮ ಎಮ್ಮೆ ಹಾಲು ಕರೆದು, ಡೇರಿಗೆ ಹಾಕಿ, ಬಸ್ಸು ಹಿಡಿದು ಬರುವಾಗ ಬಿಸಿಲು ಏರಿರುತ್ತಿತ್ತು. ಗದರಿಸಿದರೆ, “ಬಸ್ಸು ಬಂದಂಗೆ ನಾನು ಬತ್ತೀನಿ ಕಣಮ್ಮ, ನಾನೇನು ಆರ್ಕೊಂಡ್ ಬರ್ಲಾ?” ಎನ್ನುವಳು. ಗಿಡಕ್ಕೆ ನೀರು ತಪ್ಪುತ್ತಿರಲಿಲ್ಲವಾದ್ದರಿಂದ ನಾನೂ ಸುಮ್ಮನಾದೆ.

ಮಂಜುಳಾ ಆಂಡರ್ಸನ್‌ಪೇಟೆಯಲ್ಲಿ ರೂಮು ಮಾಡಿಕೊಂಡಿದ್ದಳು. ನಸುಕಿನಲ್ಲೇ ಬಂದು ದಿಬ್ಬದ ಮನೆಯಲ್ಲಿ ಕೂತು, ಕೋಶದಿಂದ ಚಿಟ್ಟೆ ಹೊರಬರುವುದನ್ನೂ ಕಾದಿದ್ದ ಗಂಡು ಬಂದು ಕೂಡುವುದನ್ನೂ ಬರೆದುಕೊಳ್ಳುವಳು. ಅಲ್ಲಿ ಎಲ್ಲ ಮುಗಿದ ಮೇಲೆ ಕೈಕಾಲು ತೊಳೆದು, ಮೇಲಂಗಿ ಬದಲಿಸಿ ಊರಿನ ಮನೆಗೆ ಹೋಗುವಳು. ಅಲ್ಲಿ ಆಗಷ್ಟೇ ಶುರುವಾಗಿರುತ್ತಿತ್ತು. ಒಂದು ವರ್ಷ ನೋಡಿದಳು, ಎರಡನೆಯ ವರ್ಷವೂ ನೋಡಿದಳು. ದಿಬ್ಬದ ಹೆಣ್ಣುಗಳು ಕೂಡಿ ಮುಗಿಸುವ ಹೊತ್ತಿಗೆ ಊರಿನವು ಕಣ್ಣೇ ಬಿಟ್ಟಿರುವುದಿಲ್ಲ. ಒಂದು ದಿನವೂ ತಪ್ಪಲಿಲ್ಲ.

ಕಾರಣವೂ ಕೈಗೆ ಸಿಕ್ಕಂತಿತ್ತು. ಬಿಳಿ ದಿಬ್ಬ ಬೇಗ ಕಾಯುತ್ತದೆ, ಹೊತ್ತೇರಿದರೆ ಸುಡುತ್ತದೆ. ಅಲ್ಲಿ ಬೇಗ ಎದ್ದು ಬೇಗ ಕೂಡಿದವುಗಳ ವಂಶವೇ ಉಳಿದಿದೆ. ಹೊತ್ತು ಬೇರೆಯಾಯಿತು, ಇನ್ನು ಜಾತಿ ಬೇರೆಯಾಗುವ ದಾರಿಯಲ್ಲಿದೆ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ. ಪ್ರೊಫೆಸರು ಕೂಡ ಕರಗಿದರು. ಫೋನಿನಲ್ಲಿ “ಭೇಷ್” ಎಂದದ್ದನ್ನು ನಾನು ಮೊದಲ ಸಲ ಕೇಳಿದೆ. ಮಂಜುಳಾ ಪ್ರಬಂಧ ಬರೆಯಲು ಕೂತಳು. ಅವಳ ಫೆಲೋಶಿಪ್ಪು ಆ ವರ್ಷದ ಕೊನೆಗೆ ಮುಗಿಯುವುದಿತ್ತು. ಅವಳ ಮನೆಯಲ್ಲಿ ಅಷ್ಟು ಓದಿದವರು ಯಾರೂ ಇರಲಿಲ್ಲ. ಅವಳ ತಂದೆ ಡೇರಿಯಲ್ಲಿ ಕ್ಯಾನು ಇಳಿಸುತ್ತಲೇ ಮಗಳು ಹೊಸ ಚಿಟ್ಟೆ ಕಂಡುಹಿಡಿದಿದ್ದಾಳೆ ಎಂದು ಊರಿಗೆಲ್ಲ ಸಾರಿಬಿಟ್ಟಿದ್ದರು.

ಚಳಿಗಾಲದ ಒಂದು ದಿನ ಮುನೆಮ್ಮನ ಎಮ್ಮೆ ಈದಿತು. ಬರಲಾಗುವುದಿಲ್ಲ ಎಂದು ಹಿಂದಿನ ದಿನವೇ ಹೇಳಿಕಳಿಸಿದಳು. ನಾನು ದೊರೈಗೆ, ನಾಳೆ ಒಂದು ದಿನ ಸೋಪು ಹಾಕಿ ಕೈ ತೊಳೆದುಕೊಂಡು ಎರಡೂ ಮನೆ ತೆಗೆ ಎಂದೆ. ಅವನಿಗೆ ಇಷ್ಟವಿರಲಿಲ್ಲ. “ಅವಂಗ ಮನೆಯಮ್ಮಾ ಅದು” ಎಂದು ತಮಿಳು ಬೆರೆಸಿ ಗೊಣಗಿದ, ಅದು ಮುನೆಮ್ಮನ ಮನೆಯಲ್ಲವೇ ಎಂದು. ಆದರೂ ಒಪ್ಪಿಕೊಂಡ.

ಬೆಳಿಗ್ಗೆ ನಾನು ಹೋದಾಗ ಮಂಜುಳಾ ಊರಿನ ಮನೆಯೊಳಗೆ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಪೆನ್ನಿಲ್ಲ.

“ಎಲ್ಲಾ ಆಚೆ ಬಂದ್ಬಿಟ್ಟವೆ ಮೇಡಂ” ಎಂದಳು.

“ಏನು ಬಂದಿವೆ?”

“ನಮ್ಮೂರವು. ಆ ಮನೇವು ಬಂದಾಗ್ಲೇ ಇವೂ ಬಂದ್ವು. ಕೂಡ್ತಾನೂ ಅವೆ.”

ನಾನು ಬಗ್ಗಿ ನೋಡಿದೆ. ಹೊತ್ತು ಇನ್ನೂ ಏರಿರಲಿಲ್ಲ, ಎಲೆಗಳ ಮೇಲೆ ತೇವ ಇತ್ತು. ಜೋಡಿಗಳು ಬೆನ್ನಿಗೆ ಬೆನ್ನು ಕೊಟ್ಟು ಅಲ್ಲಾಡದೆ ಕೂತಿದ್ದವು. ಪಕ್ಕದ ಮನೆಯಲ್ಲಿ ದಿಬ್ಬದವೂ ಹಾಗೇ ಕೂತಿದ್ದವು. ದೊರೈ ಮಡಿಸಿದ ಟಾರ್ಪಾಲು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. “ನಾನೇನಾನಾ ತಪ್ಪು ಮಾಡಿದ್ನಾಮ್ಮಾ?” ಎಂದು ಕೇಳಿದ.

ತಪ್ಪು ಅವನದಲ್ಲ. ಬೆಳಕು, ಬಿಸಿ ತಗುಲದೆ ಆ ಚಿಟ್ಟೆ ಕೋಶ ಬಿಡುವುದಿಲ್ಲ. ಒಂದು ಮನೆಗೆ ಬೆಳಕು ಬರುತ್ತಿದ್ದದ್ದು ಗಣಿಯವನು ಎದ್ದಾಗ, ಇನ್ನೊಂದಕ್ಕೆ ಬರುತ್ತಿದ್ದದ್ದು ಕಾಮಸಮುದ್ರದ ಬಸ್ಸು ಬಂದಾಗ. ಎರಡು ವರ್ಷ ನಾವು ಅಳೆದದ್ದು ಚಿಟ್ಟೆಗಳ ಹೊತ್ತನ್ನಲ್ಲ, ದೊರೈ ಮುನೆಮ್ಮರ ಹೊತ್ತನ್ನು. ಒಬ್ಬರ ಮನೆಗೆ ಇನ್ನೊಬ್ಬರು ಹೋಗಕೂಡದು ಎಂಬ ಅಪ್ಪಣೆ ಇರದಿದ್ದರೆ ಯಾರೋ ಒಬ್ಬರು ಮೊದಲ ವಾರವೇ ಎರಡೂ ಟಾರ್ಪಾಲು ಎಳೆದುಬಿಡುತ್ತಿದ್ದರು. ಕೆಲಸ ಕೆಡದಿರಲಿ ಎಂದು ಮಾಡಿದ ನಿಯಮವೇ ಕೆಲಸವನ್ನು ಕೆಡಿಸಿತ್ತು.

ನಾನು ಪ್ರೊಫೆಸರಿಗೆ ಫೋನು ಮಾಡಿದೆ. “ಒಂದು ದಿನದ ಮಾತು. ಆವತ್ತು ಹವಾ ಏನಾದ್ರೂ ಬೇರೆ ಇತ್ತೇನೋ” ಎಂದರು. ಅಷ್ಟು ನಿಷ್ಠುರ ಮನುಷ್ಯ ಹಾಗೆ ಹೇಳಿದ್ದು ಆ ಹುಡುಗಿಯ ಮೇಲಿನ ಮರುಕಕ್ಕೇ ಎಂದು ನನಗೆ ಗೊತ್ತು. ಮಂಜುಳಾ ಫೋನು ಇಸಿದುಕೊಂಡಳು.

“ಇಲ್ಲ ಸಾರ್. ನಾನು ಕಣ್ಣಾರೆ ನೋಡಿಬಿಟ್ಟೆ. ಇನ್ನು ಬರೆಯಕ್ಕೆ ಕೈ ಓಗಲ್ಲ.”

ಮುನೆಮ್ಮ ವಾಪಸ್ಸು ಬಂದ ಮೇಲೆ ಎಲ್ಲ ತಿಳಿದು, “ನಾನು ಬಿರ್ನೆ ಬಂದಿದ್ರೆ ಇಂಗಾಗ್ತಿರ್ಲಿಲ್ವಾ ಮಗಾ?” ಎಂದು ಮಂಜುಳಾಳನ್ನು ಕೇಳಿದಳು. “ನೀನು ಬಿರ್ನೆ ಬಂದಿದ್ರೆ ನಂಗೆ ಎರಡು ವರ್ಷ ಖುಷಿನೇ ಇರ್ತಿರ್ಲಿಲ್ಲ ಬಿಡಕ್ಕ” ಎಂದು ಅವಳು ನಕ್ಕಳು. ಆ ನಗು ನೋಡಲಾಗದೆ ನಾನು ಒಳಗೆ ಹೋದೆ.

ಎರಡೂ ಟಾರ್ಪಾಲು ಒಟ್ಟಿಗೆ ತೆಗೆದು ಮತ್ತೆ ನೋಡಿದೆವು. ಹೊತ್ತಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಆಮೇಲೆ, ಹೇಗೂ ಮುಗಿಯಿತಲ್ಲ ಎಂದು, ಎರಡೂ ಗುಂಪುಗಳಿಂದ ಕೆಲವನ್ನು ಒಂದೇ ಪಂಜರಕ್ಕೆ ಬಿಟ್ಟೆವು. ಅಷ್ಟು ಸರಳ ಕೆಲಸವನ್ನು ಮೊದಲೇ ಮಾಡಬಹುದಿತ್ತು, ಆದರೆ ಹೊತ್ತಿನ ಲೆಕ್ಕ ಮುಗಿಯದೆ ಬೆರಕೆ ಬೇಡ ಎಂದು ಮುಂದೂಡಿದ್ದೆವು. ಅವು ಹೊಸಬರು ಹಳಬರು ಎನ್ನದೆ ಕೂಡಿದವು. ಮೊಟ್ಟೆ ಒಡೆದು ಮರಿಗಳೂ ಬಂದವು. ಅಲ್ಲಿಗೆ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದುಕೊಂಡೆವು. ಹಿಡಿದ ಜೀವವನ್ನು ಹಿಡಿದಲ್ಲಿಗೇ ಬಿಡುವುದು ನಮ್ಮಲ್ಲಿನ ಕ್ರಮ. ದಿಬ್ಬದ ಚಿಟ್ಟೆಗಳನ್ನೆಲ್ಲ ದೊರೈ ಬಲೆಯ ಬುಟ್ಟಿಯಲ್ಲಿ ಒಯ್ದು ದಿಬ್ಬದ ಮೇಲೆ ಬಿಟ್ಟು ಬಂದ. “ಪೂಚಿಗಳು ಮನೆ ಸೇರಿದ್ವು” ಎಂದ.

ಬೆರಕೆಯ ಮರಿಗಳನ್ನು ಮಾತ್ರ ಮಂಜುಳಾ ಇಟ್ಟುಕೊಂಡಳು. ಎದ್ದು ಹೋಗುವ ಮೊದಲು ಊಟದ ಎಲೆ ಮಡಿಸುವ ಹಾಗೆ, ಅವು ಚಿಟ್ಟೆಯಾಗಿ ಒಂದು ಸಲ ಮೊಟ್ಟೆ ಇಡುವುದನ್ನು ನೋಡಿ ಮುಗಿಸುತ್ತೇನೆ ಎಂದಳು. ಫೆಲೋಶಿಪ್ಪು ಮುಗಿದಿತ್ತು. ಆಂಡರ್ಸನ್‌ಪೇಟೆಯ ಒಂದು ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಒಪ್ಪಿಕೊಂಡು, ಬೆಳಿಗ್ಗೆ ಸಂಜೆ ಬಂದು ಹೋಗುತ್ತಿದ್ದಳು.

ಆ ನಡುವೆ ದಿಬ್ಬಕ್ಕೆ ಜೆಸಿಬಿ ಬಂತು. ಯಾರೋ ಒಳ್ಳೆಯ ಮನಸ್ಸಿನವರು ಗಿಡ ನೆಡಲು ಮುಂದೆ ಬಂದಿದ್ದರು. ಆ ಮಗ್ಗುಲನ್ನು ಹೆರೆದು, ಗುಂಡಿ ತೋಡಿ, ಕೆಮ್ಮಣ್ಣು ತುಂಬಿ ಸಸಿ ನೆಟ್ಟರು. ನಾವು ನೋಡಲು ಹೋದಾಗ ಕೆಂಪು ಹೂವಿನ ಆ ಗಿಡದ ಒಂದು ಬೇರೂ ಉಳಿದಿರಲಿಲ್ಲ. ನನ್ನ ಮುಖ ನೋಡಿ ದೊರೈ ಮೆಲ್ಲಗೆ ಹೇಳಿದ, “ಗಾಳಿ ಬಂದ್ರೆ ಆ ದೂಳು ಅನ್ನದ ತಟ್ಟೇಗೇ ಬೀಳ್ತದಮ್ಮಾ. ಮಕ್ಳು ಕೆಮ್ತಾ ಅವೆ. ಮರ ಬಂದ್ರೆ ನಿಲ್ತದೆ.” ಅವನ ಮಾತು ನಿಜ. ಇಪ್ಪತ್ತು ಕಡೆ ಹುಡುಕಿದರೂ ನಮಗೆ ಒಂದು ಒಡವೆ ಸಿಗಲಿಲ್ಲ. ಹೋಗಲಿ, ಊರಿನ ಕಡೆ ಇವೆಯಲ್ಲ, ಎರಡೂ ಒಂದೇ ತಾನೇ ಎಂದು ಸಮಾಧಾನ ಮಾಡಿಕೊಂಡು ಬಂದೆವು.

ಬೆರಕೆಯ ಗಂಡುಗಳು ಚಿಟ್ಟೆಯಾದವು, ಊರಿನ ಹೆಣ್ಣುಗಳನ್ನು ಕೂಡಿದವು, ಅವುಗಳ ಮೊಟ್ಟೆ ಒಡೆದು ಮರಿಯಾದವು. ಬೆರಕೆಯ ಹೆಣ್ಣುಗಳೂ ಕೂಡಿದವು. ಮೊಗ್ಗಿನ ಸಂದಿಯಲ್ಲಿ ಮೊಟ್ಟೆಯನ್ನೂ ಇಟ್ಟವು. ಆ ಮೊಟ್ಟೆಗಳು ಮಾತ್ರ ಒಡೆಯಲಿಲ್ಲ. ಒಡೆಯುವ ಕಾಲ ಕಳೆದು, ನಡುವೆ ಗುಳಿಬಿದ್ದು, ಒಣಗಿ ಉದುರಿದವು. ಪಕ್ಕದ ಗಿಡದಲ್ಲಿ ಊರಿನ ಚಿಟ್ಟೆಗಳ ಮೊಟ್ಟೆಯಿಂದ ಮರಿ ಬರುತ್ತಲೇ ಇದ್ದವು, ಅದೇ ನೀರು, ಅದೇ ಮಣ್ಣು. ಮಂಜುಳಾ ಶಾಲೆಗೆ ರಜೆ ಹಾಕಿ ಭೂತಗನ್ನಡಿ ಹಿಡಿದು ಕೂತಳು. ಗಂಡು ಸರಿಯಾಗಿದ್ದು ಹೆಣ್ಣು ಮಾತ್ರ ಬಂಜೆ. ಒಳಗಿನ ತಡೆ ಶುರುವಾಗುವುದು ಹೀಗೇ ಎಂದು ನಾನೇ ಅವಳಿಗೆ ಪಾಠ ಹೇಳಿದ್ದೆ. ಹಾಗಾದರೆ ದಿಬ್ಬದವು ನೂರು ವರ್ಷದ ಈಚೆಗೆ ಊರಿನಿಂದ ಬಂದವೇ ಅಲ್ಲವೇನೋ, ಇನ್ನೆಲ್ಲೋ ಬಹಳ ಹಿಂದೆಯೇ ಅಗಲಿ ಆ ಮೂಲೆಯಲ್ಲಿ ಉಳಿದುಕೊಂಡ ಗುಂಪೇನೋ. ನಾವು ಕೇಳಬೇಕಿದ್ದ ಪ್ರಶ್ನೆ ಇದು. ಎರಡು ವರ್ಷ ಟಾರ್ಪಾಲಿನ ಲೆಕ್ಕ ಬರೆದುಕೊಂಡು ಕೂತೆವಲ್ಲ ಎಂದು ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ. ಹೊಸದಾಗಿ ಸೇರುವ ನೀವು ನಿಯಮಗಳನ್ನು ಪಾಲಿಸಿ, ಬೇಡ ಎನ್ನುವುದಿಲ್ಲ. ಆದರೆ ವಾರಕ್ಕೊಮ್ಮೆಯಾದರೂ ಆಳುಗಳನ್ನು ಅದಲುಬದಲು ಮಾಡಿ ನೋಡಿ, ಮತ್ತು ಉತ್ತರ ಸಿಕ್ಕಿತೆಂದು ಜೀವಗಳನ್ನು ಬಿಟ್ಟುಬರಲು ಅವಸರ ಮಾಡಬೇಡಿ.

ಸಂಜೆ ಪ್ರೊಫೆಸರಿಗೆ ಫೋನು ಮಾಡಿ ಮಂಜುಳಾಳ ಕೈಗೆ ಕೊಟ್ಟೆ. ಅವಳು ಕಂಡದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಆ ಕಡೆಯಿಂದ ಅವರ ದನಿ ನನಗೂ ಕೇಳುತ್ತಿತ್ತು, ಹಳೆಯ ಹುರುಪು ಬಂದಿತ್ತು. ಕೆಲವೇ ಹೆಣ್ಣುಗಳ ಮಾತು, ರೋಗವೂ ಇರಬಹುದು, ಸಾಕಿದ್ದರಲ್ಲಿ ಊನವೂ ಇರಬಹುದು, ಆದರೆ ಇದು ನಿಜವಾದರೆ ದೊಡ್ಡ ಸಂಗತಿ ಎಂದರು.

“ಅವಸರ ಬೇಡಮ್ಮ. ಮೊದಲಿಂದ ಇನ್ನೊಂದು ಸಲ ಬೆರಕೆ ಮಾಡಿ ನೋಡು” ಎಂದರು.

ಮಂಜುಳಾ ಖಾಲಿ ಬಿದ್ದಿದ್ದ ದಿಬ್ಬದ ಮನೆಯ ಕಡೆ ನೋಡುತ್ತ ನಿಂತಿದ್ದಳು.

“ಯಾವುದ್ರ ಜೊತೆ ಸಾರ್?” ಎಂದು ಕೇಳಿದಳು.